ಶ್ರುತಿ ತಪ್ಪಿದ್ದಕ್ಕೆ ಎದ್ದು ಕೂತ ಹುಲಿಗೆಮ್ಮತ್ತಿ

ಮೊನ್ನೆ ಭಾನುವಾರ ಮಟಮಟ ಮಧ್ಯಾಹ್ನ ದಢೇಸುಗೂರಿನಲ್ಲಿ ಒಂದು ಹೆಣ ಎದ್ದು ಕೂತಿತು. ಸುಮ್ಮನೆ ಕೂರಲಿಲ್ಲ. ಮೂಗಿನಲ್ಲಿದ್ದ ಹತ್ತಿ ಕಿತ್ತೆಸೆದು, ಸುತ್ತ ಹಾರ್ಮೋನಿಯಂ ಇಟ್ಟುಕೊಂಡು ಕೂತಿದ್ದ ಭಜನೆಯವರಿಗೆ ಬೈಯಿತು.

"ಏನ್ ಹಾಡಾಕತ್ತೀರಿ ನೀವು? ಪೇಟಿ ಒಂದು ಕಡೆ, ನಿಮ್ಮ ದನಿ ಒಂದು ಕಡೆ! ಹಿಂಗ ಶ್ರುತಿ ಬಿಟ್ಟು ಹಾಡಿದ್ರ ಸತ್ತಾಕಿಗೆ ಸಮಾಧಾನ ಆಗ್ತೈತೇನು?"

"ಕಟ್! ಕಟ್!" ಡೈರೆಕ್ಟರು ಛತ್ರಿಯ ನೆರಳು ಬಿಟ್ಟು ಓಡಿ ಬಂದರು. "ಅಮ್ಮಾ, ನೀವು ಸತ್ತೋಗಿದೀರಾ ಅಮ್ಮಾ! ಮಲ್ಕೊಳ್ಳಿ!"

(ಗಾಬರಿ ಬೇಡ. ಅದು ಸಿನಿಮಾ ಶೂಟಿಂಗು.)

ಹೆಣದ ಹೆಸರು ಹುಲಿಗೆಮ್ಮ. ವಯಸ್ಸು ಅರವತ್ತಮೂರು. ಮಸ್ಕಿಯಲ್ಲಿ ನಮ್ಮ ಎದುರು ಮನೆ. ಇಡೀ ಓಣಿಗೆ ಹುಲಿಗೆಮ್ಮತ್ತಿ. ಹುಟ್ಟಿದ್ದು ಬಳಗಾನೂರು. ಹದಿನೇಳನೇ ವಯಸ್ಸಿನಲ್ಲಿ ಭತ್ತದ ಸಸಿ ಹಚ್ಚುತ್ತ ಹಾಡುತ್ತಿದ್ದಾಗ, ಕಾಲುವೆ ದಾರಿಯಲ್ಲಿ ಹೋಗುತ್ತಿದ್ದ ನಾಟಕದ ಮಾಸ್ತರರೊಬ್ಬರು ಸೈಕಲ್ ನಿಲ್ಲಿಸಿದರಂತೆ. "ಯಾರಲೇ ಅಂವ, ಇಷ್ಟು ಚಲೋ ಹಾಡಾಕತ್ತಾನ?" ಅಂದರಂತೆ. ಅಂವ ಅಲ್ಲ, ಆಕೆ! ಅಂಥ ದಪ್ಪ ದನಿ. ಆಳದ ಬಾವಿಗೆ ಕೊಡ ಬಿಟ್ಟಾಗ ಬರುತ್ತದಲ್ಲ, ಅಂಥದ್ದು.

ಮಾಸ್ತರರು ಸಿಂಧನೂರಿನ ನಾಟಕ ಕಂಪನಿಗೆ ಕರೆದೊಯ್ದರು. ಆದರೆ ಹೀರೋಯಿನ್ನಿಗೆ ತೆಳು ದನಿ ಬೇಕು ಅಂತ ಕಂಪನಿಯ ಕಾನೂನು. (ಯಾರು ಮಾಡಿದ್ದೋ!) ಹಾಗಾಗಿ ಇಪ್ಪತ್ತೆರಡರ ಅತ್ತಿ ನಲವತ್ತರ ಹೀರೋಗೆ ತಾಯಿಯಾದಳು. ಶಾಲೆಯ ಮಾಸ್ತರನಾದ ನನಗೆ ಅದನ್ನು ಈಗಲೂ ಹೇಳಿ ನಗುತ್ತಾಳೆ:

"ಮಗ ನನಗಿಂತ ಹದಿನೆಂಟು ವರ್ಸ ದೊಡ್ಡಾಂವ, ಮಾಸ್ತರ. ಅಂವ ಸಾಯೋ ಸೀನಿನ್ಯಾಗ ನನ್ನ ತೊಡಿ ಮ್ಯಾಲ ಮಲಗಿದ್ರ ನನಗ ಉಸುರು ಬರ್ತಿದ್ದಿಲ್ಲ, ಅಷ್ಟು ಭಾರ. ಆದ್ರೂ ಹಾಡ್ತಿದ್ದೆ. ಈಗ ಖರೇನ ಮುದುಕಿ ಆಗೀನಿ. ತಲಿಗೆ ಬಿಳಿ ಪೌಡರ್ ಹಚ್ಚೋದೊಂದು ತಪ್ಪೇತಿ!"

ಕಂಪನಿ ಮುಚ್ಚಿತು. ಅತ್ತಿ ಬಾಯಿ ಮುಚ್ಚಲಿಲ್ಲ. ತಬಲಾ ಬಾರಿಸುತ್ತಿದ್ದ ಗಂಡನ ಜೊತೆ ಊರೂರಿನ ನಾಟಕಕ್ಕೆ ಹೋದಳು. ಬುದ್ಧವಿಹಾರದಲ್ಲಿ ಜಯಂತಿಯ ಹಾಡು ಹಾಡಿದಳು. ಮಸ್ಕಿಯ ಹುಡುಗಿಯರ ಹಾಸ್ಟೆಲಿನಲ್ಲಿ ಅಡಿಗೆಯವಳಾಗಿ ರಿಟೈರಾದಳು. ಸಾರಿಗೆ ಉಪ್ಪು ಮರೆತರೂ ಹುಡುಗಿಯರು ಕಂಪ್ಲೇಂಟ್ ಮಾಡುತ್ತಿರಲಿಲ್ಲವಂತೆ. ಮಾಡಿದರೆ ಹಾಡು ಬಂದ್!

ಒಂದೇ ಒಂದು ಆಸೆ ಉಳಿದಿತ್ತು. "ಸಿನಿಮಾದಾಗ ಒಂದ್ಸಲ ನನ್ನ ದನಿ ಕೇಳಬೇಕು, ಮಾಸ್ತರ. ಹೀರೋಯಿನ್ ಯಾರರ ಇರಲಿ."

ಇಲ್ಲಿ ನನ್ನ ಪಾಪ ಶುರುವಾಗುತ್ತದೆ. ನಾನು ಲಿಂಗಸೂಗೂರಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅಲ್ಲಿರುವ ನನ್ನ ಹಳೇ ಕ್ಲಾಸ್‌ಮೇಟ್ ಒಬ್ಬ ಶೂಟಿಂಗಿಗೆ ಲೋಕಲ್ ಜನರನ್ನು ಹೊಂದಿಸಿಕೊಡುತ್ತಾನೆ. ಅವನಿಗೆ ಅತ್ತಿಯ ಫೋಟೋ ಕಳಿಸಿದೆ. "ಮುಖ ಸೂಪರ್! ಹೆಣದ ಪಾತ್ರಕ್ಕ ಫಿಕ್ಸ್" ಅಂದ.

ಇದನ್ನು ಆಕೆಗೆ ಹೇಗೆ ಹೇಳುವುದು? ನೀವಾದರೆ ಹೇಳುತ್ತಿದ್ದಿರಾ? ನಾನು ಹೇಳಿದ್ದು ಇಷ್ಟೇ: "ಅತ್ತೀ, ಮೇನ್ ರೋಲ್ ಐತಂತ್ರೀ. ಎಲ್ಲಾರೂ ನಿಮ್ಮ ಸುತ್ತಮುತ್ತನ ಇರ್ತಾರ."

(ಲೆಕ್ಕದ ಪ್ರಕಾರ ಇದು ಸುಳ್ಳಲ್ಲ.)

ಅತ್ತಿ ಹಾಸ್ಟೆಲಿಗೆ ಹೋಗಿ ಹುಡುಗಿಯರಿಗೆಲ್ಲ ಹೇಳಿ ಬಂದಳು. ವಾರವಿಡೀ ಬಿಸಿನೀರು ಕುಡಿದು ಗಂಟಲು ಕಾಪಾಡಿದಳು. ಸಿಂಧನೂರಿನ ಬಸ್ಸಿನಲ್ಲಿ ಕಿಟಕಿಯ ಗಾಳಿ ತಾಗಬಾರದೆಂದು ಕಿವಿಗೆ ಸೆರಗು ಸುತ್ತಿಕೊಂಡಳು.

ಜಾಗಕ್ಕೆ ಹೋದಮೇಲೆ ಬಿಳಿ ಬಟ್ಟೆ, ಹೂವಿನ ಹಾರ, ಊದುಬತ್ತಿ ಕಂಡಳು. ನನ್ನ ಕಡೆ ತಿರುಗಿದಳು.

"ಮಾಸ್ತರ, ಮಾತಿಲ್ಲೇನು?"

"ಇಲ್ಲರೀ."

"ಹಾಡೂ ಇಲ್ಲೇನು?"

ನಾನು ನೆಲ ನೋಡಿದೆ. ಅತ್ತಿ ಬಿಳಿ ಬಟ್ಟೆಯ ಸುಕ್ಕು ಸರಿಮಾಡಿದಳು. ಆಮೇಲೆ, "ಒಪ್ಪಿಕೊಂಡ ಪಾತ್ರ ಸಣ್ಣದು ಅನಬಾರದು" ಅಂತ ತನಗೆ ತಾನೇ ಹೇಳಿಕೊಂಡು ಮಲಗಿದಳು. ಆ ಕ್ಷಣ ನನಗೆ ಕಾಲುವೆಗೆ ಹಾರಬೇಕೆನಿಸಿತು. (ನನಗೆ ಈಜು ಬರುತ್ತದೆ, ಉಪಯೋಗವಿಲ್ಲ.)

ಭಜನೆಯ ಪಾತ್ರಕ್ಕೆ ಬೆಂಗಳೂರಿನಿಂದ ಬಂದ ನಾಲ್ವರಿದ್ದರು. ಒಂದು ಟೇಕ್ ಆಯಿತು. ಅತ್ತಿಯ ಹುಬ್ಬು ಗಂಟಾಯಿತು. ಎರಡನೇ ಟೇಕ್. ಕಾಲಿನ ಹೆಬ್ಬೆರಳು ತಾಳ ಹಾಕತೊಡಗಿತು. ಮೂರನೆಯದಕ್ಕೆ ಏನಾಯಿತೆಂದು ಆಗಲೇ ಹೇಳಿದೆನಲ್ಲ.

"ಹೆಂಗ ಹಾಡಬೇಕು ಅಂತ ಒಂದ್ಸಲ ತೋರಸ್ತೀನಿ. ಆಮ್ಯಾಲ ಸಾಯ್ತೀನಿ" ಅಂದ ಅತ್ತಿ, ಹಾರ ಹಾಕಿಕೊಂಡೇ ಹಾಡಿದಳು. ಆಕೆಯೇ ಕಟ್ಟಿದ ಪದ: "ಬೀಗ ಹಾಕದ ಹೊಂಟೀಯೇನ, ಮನಿ ಬೀಗ ಹಾಕದ ಹೊಂಟೀಯೇನ..."

ಜನರೇಟರ್ ಒಂದು ಬಿಟ್ಟು ಉಳಿದದ್ದೆಲ್ಲ ನಿಂತಿತು. ಅಡಿಗೆಯವರು ಸೌಟು ಹಿಡಿದುಕೊಂಡೇ ಬಂದರು. ಗದ್ದೆಯಲ್ಲಿದ್ದ ಹೆಂಗಸರು ಬದುವಿಗೆ ಬಂದು ನಿಂತರು. ಡೈರೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: "ನನಗೆ ಇದೇ ಬೇಕು. ಅಮ್ಮನೇ ಹಾಡ್ತಾರೆ. ಅವರ ದನೀನೇ ಇರುತ್ತೆ."

"ಮತ್ತೆ ಹೆಣ ಸರ್?" ಯಾರೋ ಕೇಳಿದರು.

ಅತ್ತಿ ತಡಮಾಡಲಿಲ್ಲ. "ಮಾಸ್ತರ ಅದಾನಲ್ರೀ! ಖಾಲಿ ಕುಂತಾನ."

ಹತ್ತು ನಿಮಿಷದಲ್ಲಿ ನಾನು ತೀರಿಕೊಂಡೆ. ಹತ್ತಿ ನನ್ನ ಮೂಗಿಗೆ, ಹಾರ ನನ್ನ ಕೊರಳಿಗೆ. ಒಂದು ನೊಣ ತುಟಿಯ ಮೇಲೆ ವಾಕಿಂಗ್ ಮಾಡುತ್ತಿತ್ತು. ಅದನ್ನೂ ತಡೆದುಕೊಂಡೆ. ತಡೆದುಕೊಳ್ಳಲಾಗದ್ದು ಹಾಡು. ಕಣ್ಣು ಮುಚ್ಚಿ, ಕೈಕಾಲು ಆಡಿಸದೆ, ಫೋನ್ ನೋಡದೆ ನಾನು ಕೊನೆಗೆ ಹಾಡು ಕೇಳಿದ್ದು ಯಾವಾಗ? ನೆನಪಿಲ್ಲ. ಎರಡನೇ ಸಾಲಿಗೆ ಕಣ್ಣಿನ ಅಂಚಿನಿಂದ ನೀರು ಕಿವಿಗೆ ಇಳಿಯಿತು.

"ಕಟ್! ಸರ್, ಹೆಣ ಅಳಲ್ಲ ಸರ್!"

ಮತ್ತೊಂದು ಟೇಕ್. ಮತ್ತೆ ಕಣ್ಣೀರು. ಯೂನಿಟ್ಟಿಗೆ ಯೂನಿಟ್ಟೇ ಬಿದ್ದು ಬಿದ್ದು ನಗುತ್ತಿತ್ತು. ಅತ್ತಿ ನನ್ನ ಕಿವಿಯ ಹತ್ತಿರ ಬಗ್ಗಿ, "ನೀ ಅತ್ತರ ನನ್ನ ಹಾಡು ಕೆಡ್ತೈತಿ. ಮನಸಿನ್ಯಾಗ ಮಗ್ಗಿ ಅನ್ನು" ಅಂದಳು. ಹದಿನೇಳರ ಮಗ್ಗಿ ಹಿಡಿದೆ. ಹದಿನೇಳೆಂಟ್ಲಿ ನೂರಾ ಮೂವತ್ತಾರಕ್ಕೆ ಬರುವಷ್ಟರಲ್ಲಿ ಟೇಕ್ ಓಕೆ!

ವಾಪಸ್ ಬರುವಾಗ ಬಸ್ಸಿನಲ್ಲಿ ಕ್ಷಮೆ ಕೇಳಿದೆ. ಅತ್ತಿ ಕಿಟಕಿ ಪೂರಾ ತೆಗೆದು ಕೂತಿದ್ದಳು. "ಹೆಣ ಅಂತ ಹೇಳಿದ್ರ ನಾ ಬರ್ತಿದ್ದಿಲ್ಲ. ಬರದಿದ್ರ ಹಾಡ್ತಿದ್ದಿಲ್ಲ. ಹೋಗ್ಲಿ ಬಿಡು" ಅಂದಳು. ಆಮೇಲೆ ನನ್ನ ತೊಡೆಗೆ ಜೋರಾಗಿ ಒಂದು ಏಟು ಕೊಟ್ಟಳು. "ಇನ್ನೊಮ್ಮೆ ಸುಳ್ಳು ಹೇಳಿದ್ರ ಖರೇನ ಮಲಗಸ್ತೀನಿ!"

ಮನೆಯಲ್ಲಿ ಹೆಂಡತಿ ಶೂಟಿಂಗ್ ಫೋಟೋ ನೋಡಿ, "ಇಷ್ಟು ಶಾಂತ ಮುಖ ನಿಮಗೈತಂತ ಗೊತ್ತ ಇದ್ದಿಲ್ಲ ನೋಡ್ರಿ" ಅಂದಳು. ಅತ್ತಿಯ ಮನೆಯಲ್ಲಿ ಹಾಸ್ಟೆಲ್ ಹುಡುಗಿಯರ ಗದ್ದಲ ಇನ್ನೂ ನಿಂತಿಲ್ಲ. ಸಿನಿಮಾ ಯಾವಾಗ ಬರುತ್ತದೋ ಗೊತ್ತಿಲ್ಲ.

ಇಪ್ಪತ್ತು ವರ್ಷದಿಂದ ಎದುರು ಮನೆಯಲ್ಲೇ ಇದ್ದ ದನಿಯನ್ನು ಸರಿಯಾಗಿ ಕೇಳಲು ನಾನು ಒಂದು ಸಲ ಸಾಯಬೇಕಾಯಿತು; ನಿಮ್ಮ ಎದುರು ಮನೆಯಲ್ಲಿ ಯಾರಿದ್ದಾರೆ?