ಬಲೆಯ ಹಿಂದೆ ಎತ್ತಿದ ಕೈ

ಭಾವ ಕೈ ಎತ್ತಿದ್ದು ಒಂದು ಸಲವೋ ಎರಡು ಸಲವೋ ಎಂಬಲ್ಲೇ ನನ್ನ ನೆನಪು ತೊಡರುತ್ತದೆ. ಉಳಿದದ್ದನ್ನು ಆದ ಕ್ರಮದಲ್ಲಿ ಹೇಳಬಲ್ಲೆ ಅಂದುಕೊಂಡಿದ್ದೇನೆ.

ಮರವಂತೆಗೂ ಬೈಂದೂರಿಗೂ ನಡುವಿನ ನಮ್ಮ ದಂಡೆಯಲ್ಲಿ ಆಗ ಕೈರಂಪಣಿ ಬಿಡುತ್ತಿದ್ದೆವು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ಚಂದ್ರದಂತೆ ಹರಡಿ ಬಂದು, ಅದರ ಎರಡು ತುದಿಯ ಹಗ್ಗಗಳನ್ನು ಇಪ್ಪತ್ತು ಮೂವತ್ತು ಜನ ದಡದಿಂದ ಎಳೆಯುವ ಕೆಲಸ ಅದು. ಒಬ್ಬರು ಮಾತ್ರ ಬಲೆಯ ಹಿಂದೆ ಈಜುತ್ತ ಬರುತ್ತಾರೆ. ಬಲೆ ಎಲ್ಲಾದರೂ ಸಿಕ್ಕಿಕೊಂಡರೆ ಬಿಡಿಸಬೇಕು, ಮೀನು ನಡುವಿಗೆ ಬಂದರೆ ಕೈ ಎತ್ತಬೇಕು. ಕೈ ಕಂಡ ಕೂಡಲೇ ದಡದವರು ಜೋರಾಗಿ ಎಳೆಯುತ್ತಾರೆ. ನಮ್ಮ ತಂಡದಲ್ಲಿ ಆ ಕೆಲಸ ಭಾವನದು, ನನ್ನ ಅಕ್ಕನ ಗಂಡನದು. ಅವರು ಅದನ್ನು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದರು.

ಇದು ನಡೆದ ವಾರ ನಾನು ಬೈಂದೂರಿನಲ್ಲಿ ಜೀವರಕ್ಷಕರ ತರಬೇತಿಗೆ ಹೋಗುತ್ತಿದ್ದೆ. ಅಲ್ಲಿ ರಬ್ಬರ್ ಬೊಂಬೆಯ ಬಾಯಿಗೆ ಬಾಯಿ ಇಟ್ಟು ಉಸಿರು ಊದುವುದನ್ನೂ ಕಲಿಸುತ್ತಿದ್ದರು. ಭಾನುವಾರ ರಜೆ ಇದ್ದದ್ದರಿಂದ ಹಗ್ಗ ಎಳೆಯಲು ಬಂದೆ. ನೀರಿಗಿಳಿಯುವ ಮೊದಲು ಭಾವ ಎಲ್ಲರೆದುರೇ ಕೇಳಿದರು:

“ಎಂತ ಮಾಣಿ, ಆ ರಬ್ಬರ್ ಬೊಂಬಿಗೆ ಎಷ್ಟ್ ಮುತ್ತ್ ಕೊಟ್ಟ್ ಬಂದೆ?”

“ಮುತ್ತಲ್ಲ ಭಾವಾ, ಉಸ್ರ್.”

“ಕಡಲ್ ಬದಿಯಂಗ್ ಹುಟ್ಟಿದವ್ರಿಗೆ ನೀರಿನ್ ಪಾಠ ಹೇಳುಕೆ ಘಟ್ಟದ್ ಮೇಲಿನವ್ರ್ ಬರ್ಕಾ!”

ಮೀನಿನ ಬುಟ್ಟಿ ಹಿಡಿದು ಕೂತಿದ್ದ ಅಕ್ಕನೂ ನಕ್ಕಳು.

ಬಲೆ ನಾಲ್ಕೈದು ದೋಣಿಯುದ್ದ ದೂರವಿದ್ದಾಗ ಭಾವನ ಕೈ ಮೇಲೆ ಬಂತು.

“ಹ್ವಾಯ್, ಕೈ ಎತ್ತಿದ್ರ್ ಕಾಣಿ! ಮೀನ್ ಇತ್ತ್! ಎಳಿರೋ!” ಎಂದು ತಂಡದ ಹಿರಿಯರಾದ ತಾಂಡೇಲರು ಕೂಗಿದರು.

ನಾನೂ ಎಳೆದೆ. ಇದನ್ನು ಬಿಟ್ಟು ಬರೆಯಬಾರದು. ಆಮೇಲೆ ಅವರ ತಲೆ ಹಿಂದಕ್ಕೆ ವಾಲಿದ್ದು ಕಂಡಿತು. ಬಾಯಿ ನೀರಿನ ಮಟ್ಟದಲ್ಲಿ ಮುಳುಗಿ ಏಳುತ್ತಿತ್ತು. ಸದ್ದಿರಲಿಲ್ಲ. ಕೂಗುವವನಿಗೆ ಇನ್ನೂ ಸ್ವಲ್ಪ ಸಮಯ ಇರುತ್ತದೆ, ಮುಳುಗುವವನಿಗೆ ಕೂಗಲು ಉಸಿರೇ ಇರುವುದಿಲ್ಲ ಎಂದು ಎರಡು ದಿನ ಹಿಂದಷ್ಟೇ ಕಲಿಸಿದ್ದರು. ಆದರೆ ಭಾವ? ನನ್ನನ್ನು ಗೇಲಿ ಮಾಡಲು ಆಟವಾಡುತ್ತಿದ್ದಾರೆ ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತ ಮೂರು ಸಲ ಹಗ್ಗ ಎಳೆದೆ.

“ಅದ್ ಮೀನಲ್ಲ! ಭಾವ ಮುಳ್ಗ್ತಿದ್ರ್! ಎಳೂದ್ ನಿಲ್ಸಿ!”

ಕಾಲು ಬಲೆಗೆ ಸಿಕ್ಕಿದ್ದರೆ ಎಳೆದಷ್ಟೂ ಅಪಾಯ ಎಂದು ಹೆದರಿದ್ದೆ. ನನ್ನ ಕೂಗು ಯಾರಿಗೂ ಕೇಳಿಸಲಿಲ್ಲ. ಉಳಿದವರು ಮೀನಿಗಾಗಿಯೇ ಎಳೆದರು, ಬಲೆಯ ಮೇಲಂಚಿಗೆ ತೋಳು ಸಿಕ್ಕಿಸಿಕೊಂಡಿದ್ದ ಭಾವ ಬಲೆಯ ಜೊತೆಗೇ ಹತ್ತಿರ ಬಂದರು. ನನ್ನ ಮಾತು ಕೇಳಿ ನಿಲ್ಲಿಸಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಕೇಳಿಕೊಳ್ಳುತ್ತೇನೆ.

ದಡಕ್ಕೆ ಎಳೆದಿಟ್ಟ ದೋಣಿಯಲ್ಲಿದ್ದ ಖಾಲಿ ಕ್ಯಾನಿನ ಮುಚ್ಚಳ ಬಿಗಿ ಮಾಡಿ, ಹಗ್ಗ ಕಟ್ಟಿ ಎಸೆದೆ. ಮೊದಲನೆಯ ಎಸೆತ ಮುಟ್ಟಲಿಲ್ಲ. ಎರಡನೆಯದು ಅವರ ಭುಜದ ಪಕ್ಕದಲ್ಲೇ ಬಿತ್ತು, ಅವರು ಹಿಡಿಯಲಿಲ್ಲ. ಬೇರೇನೂ ಆಗದಿದ್ದಾಗ ಮಾತ್ರ ನೀರಿಗಿಳಿ ಎಂದು ಕಲಿಸಿದ್ದರು. ಹಗ್ಗದ ತುದಿಯನ್ನು ಅಕ್ಕನ ಕೈಗೆ ಕೊಟ್ಟು ಇಳಿದೆ. ಹಿಂದಿನಿಂದ ಹೋಗಿ ಅವರ ತೋಳನ್ನು ಬಲೆಯಿಂದ ಬಿಡಿಸಿ, ಕಂಕುಳಡಿ ಕೈ ಹಾಕಿ, ಕ್ಯಾನನ್ನು ಅಪ್ಪಿಕೊಂಡೆ. ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಅಕ್ಕನ ಜೊತೆ ಸೇರಿ ಕ್ಯಾನಿನ ಹಗ್ಗ ಎಳೆದರು.

ಮರಳ ಮೇಲೆ ಮಲಗಿಸಿದಾಗ ಉಸಿರಿರಲಿಲ್ಲ.

“ಕಾಲ್ ಹಿಡ್ದ್ ತಲೆಕೆಳಗ್ ಮಾಡಿ, ನೀರೆಲ್ಲ ಹೋಯ್ಲಿ!” ಎಂದರು ತಾಂಡೇಲರು. ಇಬ್ಬರು ಕಾಲು ಹಿಡಿದೇಬಿಟ್ಟರು. ಹಾಗೆ ಮಾಡಬಾರದೆಂದು ಕಲಿಸಿದ್ದರು; ಬೇಡ ಎಂದೆ, ಅವರು ಬಿಡಲಿಲ್ಲ. ಅವರ ಕೈಗಳನ್ನು ತಳ್ಳಿದವಳು ಅಕ್ಕ.

“ಬಿಡಿ! ಅಂವ ಕಲ್ತ್ ಬಂದಿದ್ದ, ಅಂವನೇ ಮಾಡ್ಲಿ!”

ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಊದಿದೆ. ಎದೆ ಮೇಲೆದ್ದಿತು. ನಾಲ್ಕನೆಯ ಉಸಿರಿಗೋ ಐದನೆಯದಕ್ಕೋ ಭಾವ ಕೆಮ್ಮಿ ನೀರು ಕಾರಿದರು. ಮಗ್ಗುಲಿಗೆ ಹೊರಳಿಸಿದೆ. ಎದ್ದು ಕೂತು “ಎಂತ ಆಯ್ತ್?” ಎಂದರೂ ಬಿಡದೆ, ಒದ್ದೆ ಬಟ್ಟೆ ತೆಗೆದು, ಕಂಬಳಿ ಸುತ್ತಿ, ಒಂದು ಓಮ್ನಿ ವ್ಯಾನಿನಲ್ಲಿ ಕುಂದಾಪುರದ ಆಸ್ಪತ್ರೆಗೆ ಕರೆದೊಯ್ದೆವು. ಶ್ವಾಸಕೋಶಕ್ಕೆ ಹೋದ ನೀರು ತಡವಾಗಿಯೂ ತೊಂದರೆ ಕೊಡುತ್ತದೆ ಎಂಬುದು ಆಗ ಹೇಗೋ ನೆನಪಾಯಿತು.

ಸಂಜೆ ಗೊತ್ತಾಯಿತು, ಬಲೆ ತುಂಬ ಬಂಗುಡೆ ಮೀನು ಇತ್ತಂತೆ.

ಮೂರನೆಯ ದಿನ ಆಸ್ಪತ್ರೆಯಲ್ಲಿ ಕೇಳಿದೆ: “ಭಾವಾ, ನೀವ್ ಕೈ ಎತ್ತಿದ್ದ್ ಎಂತಕ್ಕೆ?”

ಅವರು ಫ್ಯಾನ್ ನೋಡುತ್ತ ಹೇಳಿದರು: “ಕಾಲ್ ಸೆಟ್ದ್ ಈಜುಕೆ ಆಗ್ದೆ ಹೋದ್ದ್ ನೆನ್ಪಿತ್ತ್. ಬಂಗ್ಡಿ ಕಂಡದ್ದೂ ನೆನ್ಪಿತ್ತ್. ಯಾವ್ದ್ ಮೊದ್ಲ್ ಅಂತ ಗೊತ್ತಿಲ್ಲ ಮಾಣಿ.”

ಈಗ ಬಲೆಯ ಹಿಂದೆ ಹೋಗುವವರು ಸೊಂಟಕ್ಕೆ ಖಾಲಿ ಕ್ಯಾನ್ ಕಟ್ಟಿಕೊಳ್ಳುತ್ತಾರೆ. ಕೈ ಎದ್ದಾಗ ತಾಂಡೇಲರು ಕೂಗುವ ಮೊದಲು ನನ್ನ ಕಡೆ ತಿರುಗುತ್ತಾರೆ. ನಾನು ಕೈ ನೋಡುವುದಿಲ್ಲ, ಬಾಯಿ ನೀರಿನ ಮೇಲಿದೆಯೇ ಎಂದು ನೋಡುತ್ತೇನೆ. ಅಷ್ಟು ದೂರಕ್ಕೆ ಅದು ಸರಿಯಾಗಿ ಕಾಣುವುದೂ ಇಲ್ಲ.