ಬಿಯರ್ ಟೆಸ್ಟಿಂಗ್‌ಗೆ ಬರುತ್ತಿದ್ದ ಅಪ್ಪ

ಅಪ್ಪ ಕುಡಿಯುತ್ತಾರೆಂಬುದು ಗರುಡಾಚಾರ್‌ಪಾಳ್ಯದ ನಮ್ಮ ಬೀದಿಗೆಲ್ಲ ಗೊತ್ತು. ಮಗಳಿಗೆ ಮಾತ್ರ ಗೊತ್ತಿಲ್ಲವೆಂದು ಅವರ ನಂಬಿಕೆ. ಭಾನುವಾರ ಸಂಜೆ ಅವರು ಕಾರ್ ಶೆಡ್ಡಿನಲ್ಲಿ ಕೂತಿರುವಾಗ ನಾನು ಹೋದರೆ ಲೋಟ ಸರಕ್ಕನೆ ಟೈರಿನ ಹಿಂದೆ ಸೇರುತ್ತದೆ. ನಾನು ಆಕಾಶ ನೋಡುತ್ತೇನೆ. ನನಗೆ ತಲೆಗೂದಲು ಬೆಳ್ಳಗಾಗತೊಡಗಿದರೂ ಇದೇ ನಾಟಕ. ಒಂದೇ ಒಂದು ಸಲ ಅವರೆದುರು ಕೂತು ಒಂದು ಗ್ಲಾಸು ಬಿಯರ್ ಕುಡಿಯಬೇಕೆಂದು ನನಗೆ ಬಹಳ ದಿನದ ಆಸೆ. ಮಗಳಾದವಳು ಹೀಗೆ ಆಸೆಪಡಬಹುದೇ ಎಂದರೆ, ಪಟ್ಟೆ, ಏನೀಗ?

ಹೋದ ಬೇಸಿಗೆಯಲ್ಲಿ, ಅಪ್ಪನ ಮನೆಯ ಮೇಲಿನ ಮಹಡಿಯಲ್ಲೇ ಇರುವ ನಾನು, ಮನೆಯಲ್ಲೇ ಬಿಯರ್ ಮಾಡಲೆಂದು ಬಾತ್‌ರೂಮಿನ ಮೂಲೆಯಲ್ಲಿ ಒಂದು ದೊಡ್ಡ ಡಬ್ಬದ ತುಂಬ ಹುದುಗಲು ಇಟ್ಟೆ. ಕೆಳಗಿನಿಂದ ಅಪ್ಪ ವಾಸನೆ ಹಿಡಿದುಕೊಂಡೇ ಬಂದರು. ಡಬ್ಬದ ಮುಚ್ಚಳದಲ್ಲಿ ಗುಳ್ಳೆ ಬರುವುದನ್ನು ಬಗ್ಗಿ ನೋಡಿದರು.

“ಇದು ನಿಂತ್ರೆ ಆಯ್ತು ಅಂತಾನಾ?”

“ಗುಳ್ಳೆ ನಂಬಕ್ಕಾಗಲ್ಲ ಅಪ್ಪ. ಮೀಟರ್ ಹಾಕಿ ನೋಡ್ಬೇಕು.”

ಮೀಟರ್ ಎಂದರೆ ತೇಲುವ ಗಾಜಿನ ಕೊಳವೆ. ಉದ್ದನೆಯ ಜಾರ್‌ಗೆ ಸ್ವಲ್ಪ ಬಿಯರ್ ಬಸಿದು ಈ ಕೊಳವೆಯನ್ನು ಅದರೊಳಗೆ ಬಿಟ್ಟರೆ, ಸಕ್ಕರೆ ಹೆಚ್ಚಿದ್ದಷ್ಟೂ ಮೇಲೆ ತೇಲುತ್ತದೆ. ಸಕ್ಕರೆ ಕಡಿಮೆಯಾದಂತೆ ಕೆಳಗಿಳಿಯುತ್ತದೆ. ಮರುದಿನ ನೋಡಿದರೂ, ಅದರ ಮರುದಿನ ನೋಡಿದರೂ ಅದೇ ಗೆರೆಯಲ್ಲಿ ನಿಂತಿದ್ದರೆ ಹುದುಗುವುದು ಮುಗಿಯಿತು. ಬಸಿದದ್ದನ್ನು ಮತ್ತೆ ಡಬ್ಬಕ್ಕೆ ಸುರಿಯುವಂತಿಲ್ಲ, ಎಲ್ಲವೂ ಕೆಟ್ಟೀತು. ನಾನು ಚೆಲ್ಲಲು ಹೋದೆ.

“ಅಯ್ಯೋ, ಚೆಲ್ತಾರಾ ಯಾರಾದ್ರೂ? ರುಚಿ ನೋಡ್ದೆ ಹೆಂಗೆ ಗೊತ್ತಾಗುತ್ತೆ?” ಅಪ್ಪ ಜಾರ್ ಕಿತ್ತುಕೊಂಡು ಎರಡು ಗುಟುಕು ಕುಡಿದು, ಉಳಿದದ್ದನ್ನು ನನಗೆ ಕೊಟ್ಟರು. “ಇನ್ನೂ ಸಿಹಿ ಐತೆ. ನೀನೂ ನೋಡು.”

ನಾನೂ ನೋಡಿದೆ. ಅಪ್ಪನ ಎದುರಲ್ಲೇ! ಒಳಗೊಳಗೇ ಕುಣಿದಾಡಿಬಿಟ್ಟೆ. ಇದು ಕುಡಿಯುವುದಲ್ಲ, ಟೆಸ್ಟಿಂಗ್.

ಅಂದಿನಿಂದ ದಿನವೂ ಟೆಸ್ಟಿಂಗ್. ಅಮ್ಮ ಕೆಳಗಿನಿಂದ “ಏನ್ರೀ, ದಿನಾ ಮೇಲೆ ಏನ್ ಕೆಲ್ಸ?” ಎಂದು ಕೂಗಿದರೆ, “ಬಂದೆ ಇರೇ, ಟೆಸ್ಟಿಂಗ್ ಐತೆ” ಎಂದು ಭಾರಿ ಗತ್ತಿನಿಂದ ಹೇಳುವರು. ಜಾರ್ ಸಾಲದೆಂದು ಒಂದು ದಿನ ಎರಡು ದೊಡ್ಡ ಲೋಟಗಳೂ ಬಂದವು. ಅಪ್ಪ ಬಕೆಟ್ ಬೋರಲು ಹಾಕಿಕೊಂಡು ಕೂತು, ತಾವು ತಾತನ ಕಣ್ಣು ತಪ್ಪಿಸಿ ಮೊದಲ ಸಲ ಹೆಂಡ ಕುಡಿದು ರಾಗಿ ಹೊಲದಲ್ಲೇ ನಿದ್ದೆ ಹೋದ ಕತೆ ಹೇಳಿದರು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಡಬ್ಬದಲ್ಲಿ ಬಿಯರ್ ಅರ್ಧಕ್ಕಿಳಿದಿತ್ತು, ಯಾರಿಗೆ ಬೇಕು ಲೆಕ್ಕ!

ಆಮೇಲೆ ಹಾಳು ಮೀಟರ್ ನಿಂತಿತು. ಮೂರು ದಿನವೂ ಅದೇ ಗೆರೆ. ಸುಳ್ಳು ಹೇಳೋಣವೆಂದರೆ ಅಪ್ಪ ಕನ್ನಡಕ ಹಾಕಿಕೊಂಡು ನನಗಿಂತ ಮೊದಲೇ ನೋಡಿದ್ದರು. ಟೆಸ್ಟಿಂಗ್ ಮುಗಿದ ಮೇಲೆ ಉಳಿಯುವುದು ಕುಡಿಯುವುದೊಂದೇ. ಅದನ್ನು ಅವರು ನನ್ನೆದುರು ಎಂದೂ ಮಾಡಿದವರಲ್ಲ. ಅಷ್ಟೂ ದಿನದ ಸಂಭ್ರಮ ಜರ್ರನೆ ಇಳಿಯಿತು.

“ಮೀಟರ್ ಕೆಟ್ಟಿರ್ಬೋದು ಅಪ್ಪ. ನಾಳೆ ಇನ್ನೊಂದ್ಸಲ ನೋಡ್ಬಿಡೋಣ” ಎಂದೆ.

ಅಪ್ಪ ಮೀಟರನ್ನು ತೊಳೆದು, ಒರೆಸಿ, ನನ್ನ ಕೈಗಿಟ್ಟರು.

“ಮೀಟರ್ ಸರಿಯಾಗೇ ಐತೆ. ಬಾಟ್ಲಿಗೆ ತುಂಬಿಡು.” ಚಪ್ಪಲಿ ಮೆಟ್ಟಿಕೊಂಡು ಎರಡು ಮೆಟ್ಟಿಲು ಇಳಿದು, ಅಮ್ಮನಿಗೂ ಕೇಳುವಷ್ಟು ಜೋರಾಗಿ ಹೇಳಿದರು: “ರೆಡಿ ಆದ್ಮೇಲೆ ಕರಿ. ಕುಡಿಯಕ್ಕೆ ಬರ್ತೀನಿ.”