ಮೌಲ್ವಿ ಸಾಹೇಬರ ಖಮೀರು

ಹೈದರಾಬಾದಿಗೆ ಬಿ.ಎ. ಓದಲು ಹೋಗುವ ಮೊದಲು ನಾನು ಕಲಬುರಗಿಯಲ್ಲಿ ಒಬ್ಬ ಮೌಲ್ವಿ ಸಾಹೇಬರ ಮನೆಯಲ್ಲಿ ಅರಬ್ಬಿ ಕಲಿತೆ. ನಿಜಾಮರ ಕಚೇರಿಯಲ್ಲಿ ನೌಕರಿಗೆ ಉರ್ದು, ಫಾರಸಿ ಸಾಕಿತ್ತು. ಅರಬ್ಬಿಗೆ ಯಾಕೆ ಹೋದೆನೆಂದು ಈಗ ಕೇಳಿಕೊಂಡರೆ ದಿನಕ್ಕೊಂದು ಉತ್ತರ ಹುಟ್ಟುತ್ತದೆ, ಯಾವುದನ್ನೂ ನಂಬುವುದಿಲ್ಲ.

ಹೆಂಡತಿ ತೀರಿಕೊಂಡಿದ್ದ ಅವರು ತಮ್ಮ ರೊಟ್ಟಿ ತಾವೇ ಮಾಡಿಕೊಳ್ಳುತ್ತಿದ್ದರು. ಪಾಠವೂ ಹಿಟ್ಟಿನ ಪರಾತದ ಎದುರೇ. ನಾದಿದ ಹಿಟ್ಟು ಅಜೀನ್. ರೊಟ್ಟಿ ಖುಬ್ಜ್, ಅದರ ಧಾತುವಿಗೆ ಕೈಯಿಂದ ಬಡಿಯುವ ಅರ್ಥವೂ ಇದೆ ಎಂದಾಗ, ಅವ್ವ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದಂತಾಯಿತು. ಈಜಿಪ್ತಿನವರಿಗೆ ರೊಟ್ಟಿಯೆಂದರೆ ಐಶ್, ಅಂದರೆ ಬದುಕು. ಹಿಟ್ಟನ್ನು ಉಬ್ಬಿಸುವ ಹುಳಿಹಿಟ್ಟು ಖಮೀರ್. ಮುಚ್ಚುವುದು ಎಂಬ ಧಾತುವಿನಿಂದ ಬಂದದ್ದು, ಮುಚ್ಚಿಟ್ಟರೇ ಹುಳಿ ಬರುವುದರಿಂದ.

ಅವರ ಖಮೀರು ತಾಯಿಯ ಕಾಲದ್ದು. ದಿನವೂ ಒಂದು ಉಂಡೆ ಉಳಿಸಿ ಮರುದಿನದ ಹಿಟ್ಟಿಗೆ ಸೇರಿಸುತ್ತ ಬಂದದ್ದು. ಒಮ್ಮೆ ಮದುವೆಗೆಂದು ಹದಿನೈದು ದಿನ ಹೈದರಾಬಾದಿಗೆ ಹೊರಟಾಗ ಅದರ ಗಡಿಗೆಯನ್ನು ನನ್ನ ಕೈಗೆ ಕೊಟ್ಟರು.

"ದಿನಾ ಒಂದು ಮುಷ್ಟಿ ಗೋಧಿ ಹಿಟ್ಟು ಹಾಕು ಬೇಟಾ. ನಮ್ಮ ಅಮ್ಮೀದು ಅಂತ ಉಳಿದದ್ದು ಇದೊಂದೇ."

ರಜೆಯಿತ್ತು, ಗಡಿಗೆಯೊಂದಿಗೆ ಗಾಡಿ ಹತ್ತಿ ನಮ್ಮೂರು ಕಮಲಾಪುರಕ್ಕೆ ಹೋದೆ. ಮೂರನೆಯ ದಿನ ಹೊಲದಿಂದ ಬಂದು ನೋಡಿದರೆ, ಗಡಿಗೆ ತೊಳೆದು ಬೋರಲು ಹಾಕಿತ್ತು.

"ಅವ್ವಾ, ಇದರಾಗಿನ ಹಿಟ್ಟು?"

"ಹಳಸಿ ನಾರಾಕತ್ತಿತ್ತು. ಎಮ್ಮಿಗೆ ಹಾಕಿನಿ."

"ಅದು ಮೌಲ್ವಿ ಸಾಹೇಬರ ಖಮೀರು!"

"ಇಷ್ಟು ಓದಿ, ಹಳಸಿದ ಹಿಟ್ಟಿನ ವಾಸನಿ ತಿಳೀಲಿಲ್ಲೇನೋ ನಿನಗ?"

ತಪ್ಪು ಅವಳದಲ್ಲ. ಬಿಸಿನೀರಲ್ಲಿ ಆಗಿಂದಾಗ ಕಲಸಿ ರೊಟ್ಟಿ ಬಡಿಯುವ ಮನೆಯಲ್ಲಿ ನಿನ್ನೆಯ ಹಿಟ್ಟು ದನದ ಪಾಲು. ಹೇಳಬೇಕಾದವನು ನಾನು, ಹೇಳಿರಲಿಲ್ಲ.

ಗೋಧಿ ಹಿಟ್ಟು ಕಲಸಿ ಅದೇ ಗಡಿಗೆಯಲ್ಲಿಟ್ಟೆ. ಗಳಿಗೆಗೊಮ್ಮೆ ಬಟ್ಟೆ ಸರಿಸಿ ನೋಡಿದೆ. ಕಲಸಿಟ್ಟ ಐದನೆಯ ದಿನ ಗುಳ್ಳೆ ಎದ್ದವು.

ಕಲಬುರಗಿಗೆ ಮರಳಿ ಗಡಿಗೆ ಒಪ್ಪಿಸಿದಾಗ ಮೌಲ್ವಿ ಸಾಹೇಬರು ಮೂಸಿ ನಕ್ಕರು. "ನಿಮ್ಮೂರ ಹವಾ ಹತ್ತ್ಯಾದ ಇದಕ್ಕ."

ಆ ದಿನದ ದಿನಚರಿಯಲ್ಲಿ ನನ್ನದೇ ಅಕ್ಷರದಲ್ಲಿ "ಎಲ್ಲಾ ಹೇಳಿದೆ" ಎಂದಿದೆ. ಹೇಳಿದ್ದು ನೆನಪಿಲ್ಲ, ಕೇಳಿದ ಅವರ ಮುಖವೂ ನೆನಪಿಲ್ಲ. ಬರೆದುಬಿಟ್ಟರೆ ಹೇಳಿದಂತೆಯೇ ಎಂದುಕೊಂಡೆನೇ? ಚೆನ್ನಾಗಿ ನೆನಪಿರುವುದು ಬೇರೆ. ಮುಂದೆ ಎಷ್ಟೋ ವರ್ಷ, ನಾನು ಹೈದರಾಬಾದಿನಿಂದ ರಜೆಗೆ ಬಂದಾಗಲೂ, ಅವರು ಮನೆಗೆ ಬಂದವರಿಗೆಲ್ಲ ರೊಟ್ಟಿ ಮುರಿದು ಕೊಡುತ್ತ, "ಇದು ನಮ್ಮ ಅಮ್ಮೀ ಕೈದು" ಎನ್ನುತ್ತಿದ್ದರು. ತಿಳಿದೂ ಹಾಗೆನ್ನುತ್ತಿದ್ದರೋ, ತಿಳಿಯದೆಯೋ. ನಾನು ಪಕ್ಕದಲ್ಲೇ ಕುಳಿತು ತಿನ್ನುತ್ತಿದ್ದೆ.